ಬೆರಳುಟೋಪಿ ಇಟ್ಟ ಡಬ್ಬಿ

ಅತ್ತೆ ಚಿಕ್ಕಪ್ಪನ ಜೊತೆ ಮಾತು ಬಿಟ್ಟು ಮೂರನೆಯ ವಾರ ನಡೆಯುತ್ತಿತ್ತು. ಒಂದೇ ಮನೆ, ಒಂದೇ ಒಲೆ. ಮಾತು ಮಾತ್ರ ನನ್ನ ಮೂಲಕ ಹೋಗಿ ಬರಬೇಕು. "ಅವನಿಗೆ ಹೇಳು, ಚಪ್ಪಲಿ ದಾರಿಗಡ್ಡ ಬಿಟ್ಟಿದ್ದಾನೆ" ಎಂದು ಅತ್ತೆ ನನಗೆ ಹೇಳುತ್ತಿದ್ದಳು. ಅವಳ ತಮ್ಮ ಕೈಗೆಟುಕುವಷ್ಟು ಹತ್ತಿರದಲ್ಲೇ ಕೂತಿರುತ್ತಿದ್ದ. "ಅಕ್ಕನಿಗೆ ಹೇಳು, ತೆಗೀತೀನಿ" ಎನ್ನುತ್ತಿದ್ದ. ಹಗಲೆಲ್ಲ ಕೆಳಗಿನ ಅಂಗಡಿಯಲ್ಲಿ ಅತ್ತೆಯ ಪಕ್ಕ ಕೂತು, ಹಳೇ ಜಿಪ್ ಬಿಚ್ಚಿ ಹೊಸ ಜಿಪ್ ಹೊಲಿದು ಕಣ್ಣುರಿ ಹತ್ತಿಸಿಕೊಂಡ ನನಗೆ ಸಂಜೆಯ ಹೊತ್ತಿಗೆ ಈ ಅಂಚೆ ಕೆಲಸ ಬೇರೆ.

ಇದಕ್ಕೆಲ್ಲ ಕಾರಣ ಒಂದು ಬೆರಳುಟೋಪಿ. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುವ, ಮೈತುಂಬ ಸಣ್ಣ ಗುಳಿಗಳಿರುವ ಹಿತ್ತಾಳೆಯ ಚೂರು. ಅದು ಅಜ್ಜಿಯದು, ಎಂದರೆ ಅತ್ತೆ ಮತ್ತು ಚಿಕ್ಕಪ್ಪನ ತಾಯಿಯದು. ನಾನು ಚಿಕ್ಕವಳಿದ್ದಾಗ ಅಜ್ಜಿ ಅದನ್ನು ತೋರುಬೆರಳಿಗೆ ಹಾಕಿ ಬೆರಳು ನಿಲ್ಲಿಸಿದರೆ ಸಾಕು, ಅದು ಕಿರೀಟ ತೊಟ್ಟ ರಾಜನಾಗುತ್ತಿತ್ತು. ಬೆರಳು ಬಗ್ಗಿದರೆ ರಾಜ ಅಳುತ್ತಿದ್ದ. ಆ ರಾಜನಿಗೊಂದು ಹಕ್ಕಿಯಿತ್ತು. ಬೇಕಾದದ್ದು ಯಾವ ದಿಕ್ಕಿನಲ್ಲಿದೆ ಎಂದು ಕೇಳಿದರೆ ಅತ್ತ ನೇರ ಹಾರುತ್ತಿತ್ತು. ನಡುವೆ ಬಾವಿಯಿದೆ, ಮುಳ್ಳಿದೆ ಎಂದು ಹೇಳುತ್ತಿರಲಿಲ್ಲ. ರಾಜ ಪ್ರತಿ ಸಲವೂ ಬಾವಿಗೆ ಬೀಳುತ್ತಿದ್ದ. ನಾನು ಪ್ರತಿ ಸಲವೂ, ಈ ಸಲ ಬೀಳಲಾರ ಎಂದುಕೊಳ್ಳುತ್ತಿದ್ದೆ.

ಅಜ್ಜಿ ಹೋದ ಮೇಲೆ ಬೆರಳುಟೋಪಿ ಅತ್ತೆಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿತ್ತು. ಚಿಕ್ಕಪ್ಪ ಯಾರಿಗೂ ಹೇಳದೆ ಅದನ್ನು ತೆಗೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಅವನದು ಪಾರ್ಸೆಲ್ ಹಂಚುವ ವ್ಯಾನು ಓಡಿಸುವ ಕೆಲಸ. ಬಾಗಿಲು ತಟ್ಟು, ಸಹಿ ಹಾಕಿಸು, ಮತ್ತೆ ವ್ಯಾನು ಹತ್ತು. ನಡುವೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದನಂತೆ. ಅಷ್ಟಕ್ಕೇ ಆಗಿದ್ದರೆ ಅತ್ತೆ ಎರಡು ದಿನ ಬೈದು ಸುಮ್ಮನಾಗುತ್ತಿದ್ದಳು.

ಆದರೆ ಅವನ ಪಾರ್ಸೆಲ್ ಡಿಪೋದವರೆಲ್ಲ ಒಂದು ಭಾನುವಾರ ಊರಾಚೆಯ ದೊಡ್ಡ ಉದ್ಯಾನಕ್ಕೆ ಜಿಯೋಕ್ಯಾಚಿಂಗ್ ಆಡಲು ಹೋದರು. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿರುತ್ತಾರೆ. ಜಿಪಿಎಸ್ ಹಿಡಿದು ಹುಡುಕಿದವರು ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಮನಸ್ಸಿದ್ದರೆ ಒಳಗಿನದೊಂದು ವಸ್ತು ತೆಗೆದುಕೊಂಡು, ಅಷ್ಟೇ ಬೆಲೆಯ ಇನ್ನೊಂದನ್ನು ಬಿಡಬಹುದು. ಚಿಕ್ಕಪ್ಪ ಇದನ್ನು ಕಡ್ಡಾಯವೆಂದುಕೊಂಡ. ಡಬ್ಬಿ ಮೊದಲು ಕಂಡದ್ದು ಅವನಿಗೆ. ಎಲ್ಲರೂ ಚಪ್ಪಾಳೆ ತಟ್ಟಿ ಸುತ್ತ ನಿಂತಿದ್ದರು. ಅವನು ಒಂದು ಕೆಂಪು ಬುಗುರಿ ತೆಗೆದುಕೊಂಡ. ಬಿಡಲು ಜೇಬಿನಲ್ಲಿದ್ದದ್ದು ಎರಡೇ.

"ವ್ಯಾನಿನ ಕೀಲಿ ಬಿಡೋಕಾಗುತ್ತಾ ಅಕ್ಕಾ?" ಎಂದು ಅವನು ಮನೆಗೆ ಬಂದು ಕೇಳಿದ.

"ಒಂದು ಬುಗುರಿಗೆ ಅಮ್ಮನ್ನ ಮಾರಿ ಬಂದ್ಯಲ್ಲೋ" ಎಂದಳು ಅತ್ತೆ. ಅವಳು ಅವನ ಜೊತೆ ಆಡಿದ ಕೊನೆಯ ಮಾತು ಅದು.

ಉದ್ಯಾನದ ಹಿಂಭಾಗವನ್ನು ಪೈಪು ಹಾಕಲು ಮುಚ್ಚುತ್ತಾರೆ, ಡಬ್ಬಿ ಇಟ್ಟವರು ತಿಂಗಳ ಕೊನೆಗೆ ಅದನ್ನು ಎತ್ತಿಬಿಡುತ್ತಾರೆ ಎಂಬ ಸುದ್ದಿ ಬಂತು. ಅವರಿಗೆ ಬರೆದೆ, ಉತ್ತರ ಬರಲಿಲ್ಲ. ನಮಗಿದ್ದದ್ದು ಎರಡು ಭಾನುವಾರ. ಚಿಕ್ಕಪ್ಪನಿಗೋ ದಾರಿಯ ಗಂಧವೂ ಇಲ್ಲ. ಅವತ್ತು ಜಿಪಿಎಸ್ ಯಂತ್ರ ಹಿಡಿದು ಮುಂದೆ ನಡೆದವನು ಡಿಪೋದ ಗುಮಾಸ್ತ. ಉಳಿದವರು ಕೋಳಿಮರಿಗಳ ಹಾಗೆ ಹಿಂದೆ ಹೋಗಿದ್ದರು. ಆ ಗುಮಾಸ್ತ ಮರುವಾರವೇ ಇನ್ನೊಂದು ಡಬ್ಬಿ ಹುಡುಕುತ್ತ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದ.

ನಾನೂ ಚಿಕ್ಕಪ್ಪನೂ ನೋಡಲು ಹೋದಾಗ ಅವನು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ.

"ಕಾಲು ಕೂಡ್ಕೊಳ್ಳುತ್ತೆ ಅಣ್ಣ, ಜಿಪಿಎಸ್ ಕೂಡ್ಕೊಳ್ಳಲ್ಲ. ಒಳ್ಳೇ ಯಂತ್ರ ಒಡೆದುಹೋಯ್ತು" ಎಂದು ಡ್ರಾಯರ್ ತಡಕಿ ಇಟ್ಟಿಗೆಯಂಥ ಹಳೆಯದೊಂದನ್ನು ತೆಗೆದ. "ಇದು ಮೀನು ಹಿಡಿಯೋಕೆ ಒಯ್ಯುತ್ತಿದ್ದದ್ದು. ಕೆಲಸ ಮಾಡುತ್ತೆ."

"ಫೋನಲ್ಲೇ ಆಗಲ್ವಾ?" ಎಂದೆ.

"ಆಗುತ್ತೆ ತಂಗಿ, ಊರೊಳಗೆ ಫೋನೇ ಸಾಕು. ಅಲ್ಲಿ ಗುಡ್ಡದ ಹಿಂದೆ ಸಿಗ್ನಲ್ ಇರಲ್ಲ, ನಕ್ಷೆ ತೆರೆಯಲ್ಲ, ಹುಡುಕ್ತಾ ಹುಡುಕ್ತಾ ಬ್ಯಾಟರಿ ಮುಗಿಯುತ್ತೆ. ಇದಕ್ಕೆ ಶೆಲ್ ಹಾಕಿದ್ರೆ ಆಯ್ತು. ಜೊತೆಗೆ ಹೊಸ ಶೆಲ್ ಇಟ್ಕೊಳ್ಳಿ. ಆನ್ ಮಾಡಿದ ತಕ್ಷಣ ಓಡ್ಬೇಡಿ. ಬಯಲಲ್ಲಿ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ಉಪಗ್ರಹ ಸಿಗಲಿ. ಮೊದಲು ವ್ಯಾನ್ ನಿಲ್ಲಿಸಿದ ಜಾಗ ಗುರುತು ಹಾಕಿ. ಹೋಗೋದು ಎಲ್ಲರಿಗೂ ಬರುತ್ತೆ, ವಾಪಸ್ ಬರೋದೇ ಕಷ್ಟ."

"ಪರದೆಯ ಬಾಣ ತೋರಿಸಿದ ಕಡೆ ಹೋದ್ರಾಯ್ತಲ್ಲ?" ಎಂದ ಚಿಕ್ಕಪ್ಪ.

"ಬಾಣಕ್ಕೆ ಹೊಳೆ ಗೊತ್ತಿಲ್ಲ, ಗೋಡೆ ಗೊತ್ತಿಲ್ಲ ಅಣ್ಣ. ಅದಕ್ಕೇ ಕಾಗದದ ನಕ್ಷೆ ಕೊಡ್ತಿದ್ದೀನಿ. ಅಂಕಿ ಹಾಕಿದ ಮೇಲೆ ಚುಕ್ಕೆ ಎಲ್ಲಿ ಬೀಳುತ್ತೆ ಅಂತ ಮನೇಲೇ ಒಂದ್ಸಲ ನೋಡ್ಕೊಳ್ಳಿ."

ನಾನು ಅಜ್ಜಿಯ ಹಕ್ಕಿಯನ್ನು ನೆನೆಯುತ್ತ, ಕಿಟಕಿಯಾಚೆ ನೋಡುತ್ತ ಕೂತುಬಿಟ್ಟಿದ್ದೆ. ನಕ್ಷೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅದನ್ನು ಬಿಚ್ಚಿ ನೋಡಲು ಅವತ್ತು ಯಾರಿಗೂ ತ್ರಾಣವಿರಲಿಲ್ಲ. ಗುಮಾಸ್ತ ಚೀಟಿಯಲ್ಲಿ ಬರೆದುಕೊಟ್ಟ ಅಂಕಿಗಳನ್ನು ಚಿಕ್ಕಪ್ಪನೇ ವ್ಯಾನಿನಲ್ಲಿ ಕೂತು ಒತ್ತಿದ.

ಮೊದಲ ಭಾನುವಾರ ಬಾಣ ನಮ್ಮನ್ನು ಹೊಳೆಯ ದಡಕ್ಕೆ ಒಯ್ದು, ಆಚೆ ದಡ ತೋರಿಸುತ್ತ ನಿಂತಿತು. ಡಬ್ಬಿ ಹೊಳೆಯ ಆಚೆಗಿದ್ದ ನೆನಪು ಚಿಕ್ಕಪ್ಪನಿಗಿರಲಿಲ್ಲ. "ಅವತ್ತು ಮಾತಾಡ್ತಾ ಹೋಗಿದ್ವಲ್ಲ, ಸೇತುವೆ ದಾಟಿರಬಹುದು" ಎಂದ. ಸೇತುವೆ ಹುಡುಕಿ, ದಾಟಿ, ಬೇಲಿಯ ಪಕ್ಕದಲ್ಲಿ ಹಿಂದಕ್ಕೆ ನಡೆದು ಬಂದೆವು. ಬಿಸಿಲು ನೆತ್ತಿಗೇರಿತ್ತು. ಕೊನೆಗೆ ಬಾಣ ಒಂದು ಶೀತಲಗೃಹದ ಬಿಳಿ ಗೋಡೆಯ ಮುಂದೆ ಮುಗಿಯಿತು. ಚಿಕ್ಕಪ್ಪ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದ.

"ಏನ್ ಹುಡುಕ್ತಿದ್ದೀರಿ?" ಎಂದು ಕಾವಲುಗಾರ ಕೇಳಿದ.

"ಒಂದು ಡಬ್ಬಿ."

"ಒಳಗೆ ಆಲೂಗಡ್ಡೆ ಇದೆ. ಡಬ್ಬಿ ಇಲ್ಲ. ಗೋಡೆ ತಂಪಾಗಿದೆ, ಬೇಕಾದ್ರೆ ಒರಗಿ ಕೂತ್ಕೊಳ್ಳಿ."

ಕೂತೆವು. ಎದ್ದು ಬರಲು ಮನಸ್ಸೇ ಆಗಲಿಲ್ಲ.

ಮರಳುವಾಗ ವ್ಯಾನಿನ ಪರದೆಯ ಹೆಣ್ಣುದನಿ ಎಡಕ್ಕೆ, ಬಲಕ್ಕೆ ಎನ್ನುತ್ತಲೇ ಇತ್ತು. "ಮನೆ ದಾರಿಗೂ ಇದು ಬೇಕಾ ಚಿಕ್ಕಪ್ಪ?" ಎಂದೆ.

"ಇರ್ಲಿ ಬಿಡು. ವಾರವೆಲ್ಲ ಇವಳು ಹೇಳಿದ ಕಡೆ ತಿರುಗಿ ತಿರುಗಿ ಸಾಕಾಗಿದೆ. ಆದ್ರೂ ನನ್ನನ್ನ ಮಾತಾಡ್ಸೋಳು ಈಗ ಇವಳೊಬ್ಬಳೇ" ಎಂದ. ನಗಲು ನೋಡಿದ; ಆಕಳಿಕೆ ಬಂತು.

ಆ ಸಂಜೆ ನಕ್ಷೆಯನ್ನು ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನೂಲಿನ ಉಂಡೆ ಇಟ್ಟೆ. ಅತ್ತೆ ಆಚೆ ತುದಿಯಲ್ಲಿ ಆಸ್ಪತ್ರೆಯ ಕೋಟುಗಳಿಗೆ ಗುಂಡಿ ಹಚ್ಚುತ್ತಿದ್ದಳು. ಬರಿಬೆರಳಿನಿಂದ ಸೂಜಿ ದೂಡಿ ದೂಡಿ ತುದಿ ಕೆಂಪಾಗಿತ್ತು. ಪೇಟೆಯಲ್ಲಿ ಹೊಸದೊಂದು ಬೆರಳುಟೋಪಿ ಸಿಗುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು?

ಗುಮಾಸ್ತ ಬರೆದುಕೊಟ್ಟ ಚೀಟಿಯಲ್ಲಿ ಉತ್ತರಕ್ಕೆ ಒಂದು ಸಾಲು, ಪೂರ್ವಕ್ಕೆ ಒಂದು ಸಾಲು. ಡಿಗ್ರಿ ಸರಿಯಿತ್ತು. ನಿಮಿಷದ ಜಾಗದಲ್ಲಿ ಒಂದರಲ್ಲಿ 34.450, ಇನ್ನೊಂದರಲ್ಲಿ 12.720 ಎಂದಿತ್ತು. ಯಂತ್ರದ ಪರದೆಯಲ್ಲೋ ಡಿಗ್ರಿ, ನಿಮಿಷ, ಸೆಕೆಂಡು ಎಂದು ಮೂರು ಮನೆಗಳು. ಮೊದಲ ಸಾಲಿನಲ್ಲಿ ಚಿಕ್ಕಪ್ಪ 34 ನಿಮಿಷ, 45 ಸೆಕೆಂಡು ಎಂದು ಹಾಕಿದ್ದ. ಎರಡನೆಯದರಲ್ಲಿ 12 ನಿಮಿಷ, 59.9 ಸೆಕೆಂಡು.

"ಚಿಕ್ಕಪ್ಪ, ಈ ಐವತ್ತೊಂಬತ್ತು ಎಲ್ಲಿಂದ ಬಂತು? ಚೀಟಿಯಲ್ಲಿ ಎಪ್ಪತ್ತೆರಡು ಇದೆ."

"ಎಪ್ಪತ್ತೆರಡು ಒತ್ತಿದೆ, ಅದು ಒಪ್ಪಲಿಲ್ಲ. ಎಪ್ಪತ್ತು ಅಂದೆ, ಒಪ್ಪಲಿಲ್ಲ. ಅರವತ್ತು ಅಂದ್ರೂ ಇಲ್ಲ. ಕೊನೆಗೆ ಐವತ್ತೊಂಬತ್ತಕ್ಕೆ ಒಪ್ಪಿಸಿದೆ."

"ಇದೇನು ಸಂತೆಯಾ?"

"ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಏನು ಅಂದ್ಕೊಂಡೆ. ಮನೆ ಸಿಗದಿದ್ರೆ ಪಕ್ಕದ ಮನೆಗೆ ಪಾರ್ಸೆಲ್ ಕೊಡಲ್ವಾ?"

ಅತ್ತೆ ಹಲ್ಲಿನಿಂದ ನೂಲು ಕಡಿದಳು. "ಅವನಿಗೆ ಹೇಳು, ಅದು ಒಪ್ಪದಿದ್ರೆ ಯಾಕೆ ಒಪ್ಪಲ್ಲ ಅಂತ ನಿಂತು ಕೇಳ್ಬೇಕಿತ್ತು."

ಹೌದಲ್ಲ. ಸೆಕೆಂಡು ಅರವತ್ತು ಮುಟ್ಟಿದರೆ ನಿಮಿಷವೇ ಒಂದು ಏರುತ್ತದೆ. ಅದು ಎಪ್ಪತ್ತೆರಡನ್ನು ಹೇಗೆ ಒಪ್ಪೀತು? ಹಾಗಾದರೆ ಚೀಟಿಯ ಚುಕ್ಕೆಯ ಮುಂದಿನದು ಸೆಕೆಂಡೇ ಅಲ್ಲ, ನಿಮಿಷದ ಭಾಗ. ಗುಮಾಸ್ತನಿಗೆ ಫೋನ್ ಮಾಡಿದೆ. ಅವನು ನಕ್ಕು ನಕ್ಕು ಕಾಲು ನೋಯಿಸಿಕೊಂಡ.

"ತಪ್ಪು ನಂದೇ ತಂಗಿ. ಡಬ್ಬಿಯವರೆಲ್ಲ ಡಿಗ್ರಿ, ನಿಮಿಷ, ನಿಮಿಷದ ದಶಾಂಶ ಅಂತಾನೇ ಬರೆಯೋದು. ಮೀನಿನ ಕಾಲದಲ್ಲಿ ಅದನ್ನ ಸೆಕೆಂಡಿಗೆ ಇಟ್ಟಿದ್ದೆ, ಬದಲಾಯಿಸೋದು ಮರೆತೆ. ಸೆಟ್ಟಿಂಗ್ಸ್‌ಗೆ ಹೋಗಿ, ಅಂಕಿ ತೋರಿಸೋ ರೀತಿ ಬದಲಾಯಿಸಿ, ಚೀಟಿಯಲ್ಲಿದ್ದ ಹಾಗೇ ಒತ್ತಿ. ಆಮೇಲೆ ನಕ್ಷೆ ನೋಡಿ."

ಬದಲಾಯಿಸಿದೆ. ಅಂಚಿನ ಅಂಕಿಗಳ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಹೊಸ ಚುಕ್ಕೆ ಹೊಳೆಯ ಈಚೆಗೇ, ಉದ್ಯಾನದ ಹಿಂದಿನ ಗುಡ್ಡದ ಬುಡದಲ್ಲಿ ಬಿತ್ತು. ಹಳೆಯದು ಅಲ್ಲಿಂದ ಮುಕ್ಕಾಲು ಕಿಲೋಮೀಟರ್ ಆಚೆ, ಆಲೂಗಡ್ಡೆಗಳ ಜೊತೆ.

ಅತ್ತೆ ಎದ್ದು ಬಂದು ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡಿದಳು. "ಅವನಿಗೆ ಹೇಳು, ಮುಂದಿನ ಭಾನುವಾರ ನಾನೂ ಬರ್ತೀನಿ."

"ಅಕ್ಕನಿಗೆ ಹೇಳು, ಮಂಡಿನೋವು ಇದೆಯಲ್ಲ" ಎಂದ ಚಿಕ್ಕಪ್ಪ.

"ಮಂಡಿ ನಂದು ಅಂತ ಹೇಳು."

ಎರಡನೆಯ ಭಾನುವಾರ ಮೂವರಿಗೂ ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. ವಾರವಿಡೀ ಕೋಟುಗಳು ಮುಗಿದಿರಲಿಲ್ಲ, ಪಾರ್ಸೆಲ್‌ಗಳೂ ಮುಗಿದಿರಲಿಲ್ಲ. ಬಯಲಿನಲ್ಲಿ ಯಂತ್ರ ಉಪಗ್ರಹ ಹುಡುಕುವವರೆಗೆ ನಿಂತೆವು. ವ್ಯಾನಿನ ಜಾಗ ಗುರುತು ಹಾಕಿದೆ. ಬಾಣ ಪೊದೆಗಳ ಮೇಲೆ ನೇರ ಕೈ ಚಾಚಿತು; ನಾವು ಅದರ ಮಾತು ಕೇಳದೆ, ನಕ್ಷೆಯಲ್ಲಿದ್ದ ಕಾಲುದಾರಿ ಹಿಡಿದು ಸುತ್ತಿ ಹೋದೆವು. ಅತ್ತೆ ಅಲ್ಲಲ್ಲಿ ಕೂರುತ್ತಿದ್ದಳು. ಚಿಕ್ಕಪ್ಪ ಅವಳ ಚೀಲ ಹಿಡಿದು, ಅವಳು ಏಳುವವರೆಗೆ ಬೇರೆಲ್ಲೋ ನೋಡುತ್ತ ನಿಲ್ಲುತ್ತಿದ್ದ. ಪೈಪುಗಳನ್ನು ಆಗಲೇ ತಂದು ಪೇರಿಸಿದ್ದರು.

ಗುಡ್ಡದ ಬುಡದಲ್ಲಿ ಬಾಣಕ್ಕೆ ತಲೆ ಕೆಟ್ಟಿತು. ಒಮ್ಮೆ ಮರ ತೋರಿಸಿತು, ಒಮ್ಮೆ ನಮ್ಮನ್ನೇ. ಇಷ್ಟು ಹತ್ತಿರ ಬಂದ ಮೇಲೆ ಅದನ್ನು ನಂಬಬೇಡಿ, ಜೇಬಿಗೆ ಹಾಕಿ ಕಣ್ಣು ಬಿಟ್ಟು ನೋಡಿ, ತಾನಾಗಿ ಬಿದ್ದಂತೆ ಕಾಣದ ಏನಾದರೂ ಇದೆಯೇ ಎಂದು ಹುಡುಕಿ ಎಂದು ಗುಮಾಸ್ತ ಹೇಳಿದ್ದ. ಹಾಗೇ ಮಾಡಿದೆವು. ಚಿಕ್ಕಪ್ಪ ಬಂಡೆಯ ಸಂದುಗಳಿಗೆಲ್ಲ ಕೈ ಹಾಕಿದ. ಬುಗುರಿ ಅವನ ಜೇಬಿನಲ್ಲಿ ಉಬ್ಬಿ ಕಾಣುತ್ತಿತ್ತು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕೊನೆಗೆ ಸುಸ್ತಾಗಿ ಒಂದು ಬೇರಿನ ಮೇಲೆ ಕುಸಿದ. ಆಗ ಅವನ ಕಾಲ ಬಳಿಯೇ, ಬೇರಿನ ಪೊಟರೆಗೆ ಅಡ್ಡವಾಗಿ, ಯಾರೋ ಒಪ್ಪವಾಗಿ ಜೋಡಿಸಿದ ಮೂರು ಕಲ್ಲು ಕಂಡವು.

"ಇಲ್ಲೇ ಕೂತಿದ್ದೆ ಅವತ್ತೂ" ಎಂದ.

ಕಲ್ಲು ಸರಿಸಿ ಡಬ್ಬಿ ತೆಗೆದ. ಮುಚ್ಚಳ ಮಾತ್ರ ತೆರೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮಡಿಲಲ್ಲಿಟ್ಟ. ಒಳಗೆ ಪ್ಲಾಸ್ಟಿಕ್ ಜಿರಾಫೆ, ಗೋಲಿಗಳು, ಒಂದು ಬಾಚಣಿಗೆ. ಅತ್ತೆ ಒಂದೊಂದನ್ನೇ ತೆಗೆದು ಸೆರಗಿನ ಮೇಲಿಟ್ಟಳು. ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ಬೆರಳುಟೋಪಿ ಇತ್ತು. ಈ ನಡುವೆ ಬಂದುಹೋದವರು ಪುಸ್ತಕದಲ್ಲಿ ಹೆಸರು ಬರೆದಿದ್ದರು, ಬೇಕಾದದ್ದನ್ನು ಒಯ್ದಿದ್ದರು. ಇದು ಯಾರಿಗೂ ಬೇಕಾಗಿರಲಿಲ್ಲ.

ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಬೆರಳಿಗೆ ಹಾಕಿಕೊಂಡಳು. ಬಾತ ಬೆರಳಿಗೆ ಅದು ಅರ್ಧಕ್ಕೇ ನಿಂತಿತು. ಚಿಕ್ಕಪ್ಪ ಬುಗುರಿಯನ್ನು ಜಿರಾಫೆಯ ಪಕ್ಕ ಮಲಗಿಸಿದ. ಪುಸ್ತಕದಲ್ಲಿ ಮೂವರ ಹೆಸರನ್ನೂ ನಾನು ಬರೆದೆ. ಕಲ್ಲುಗಳನ್ನು ಮೊದಲಿದ್ದಂತೆ ಜೋಡಿಸಿದೆವು. ಸಿಕ್ಕಿತಲ್ಲ, ಇನ್ನಾದರೂ ತಮ್ಮನನ್ನು ಮಾತಾಡಿಸಿಯಾಳು ಎಂದು ನಾನು ಅತ್ತೆಯ ಮುಖ ನೋಡಿದೆ. ಅವಳು ಮಂಡಿ ಒತ್ತಿಕೊಳ್ಳುತ್ತಿದ್ದಳು. ಮರಳುವಾಗ ಬಾಣ ನಮಗೆ ವ್ಯಾನಿನ ದಿಕ್ಕನ್ನು ತಪ್ಪದೆ ತೋರಿಸಿತು.

ಅತ್ತೆ ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ ಖಾಲಿ ಪಾರ್ಸೆಲ್ ಚೀಲಗಳ ಮೇಲೆ. ಚಿಕ್ಕಪ್ಪ ಕೀಲಿ ತಿರುಗಿಸಿದ. ಹೆಣ್ಣುದನಿ ಎದ್ದು, ಮುಂದೆ ಬಲಕ್ಕೆ ತಿರುಗಿ ಎಂದಿತು.

"ಏನೋ ಇದು ಇವಳದು, ಒಂದೇ ಸಮನೆ ಮಾತು?" ಎಂದಳು ಅತ್ತೆ.

ಚಿಕ್ಕಪ್ಪ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ.

"ನಿನ್ನನ್ನೇ ಕೇಳ್ತಿರೋದು. ಅವಳನ್ನೇನು ನೋಡ್ತೀಯ?"

"ದಾರಿ ಹೇಳ್ತಾಳೆ ಅಕ್ಕ."

"ಹುಟ್ಟಿದ ಊರಲ್ಲಿ ದಾರಿ ಹೇಳೋಕೆ ಬೇರೆಯವಳು ಬೇಕಾ? ಮುಚ್ಚಿಸು ಅವಳ ಬಾಯಿ."

ಅವನು ಪರದೆ ಆರಿಸಿದ. ವ್ಯಾನು ಹೊರಟಿತು. ನಾನು ಚೀಲಗಳಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದೆ. ತಿರುವು ಬಂದಾಗಲೆಲ್ಲ ಅತ್ತೆಯ ಬೆರಳುಟೋಪಿ ಡ್ಯಾಶ್‌ಬೋರ್ಡನ್ನು ಕುಟ್ಟುವುದು ಕೇಳುತ್ತಿತ್ತು.

"ಎಡಕ್ಕೆ ತಿರುಗೋ. ಎಡಕ್ಕೆ ಅಂದೆ. ನಿಧಾನ."

"ಆಯ್ತು ಅಕ್ಕ" ಎನ್ನುತ್ತಿದ್ದ ಚಿಕ್ಕಪ್ಪ.