ಎಂಟರಿಂದ ಮೂವತ್ತೆರಡು

ಸೌದಿಯ ಅಬ್ಕೈಕ್‌ನ ಆ ಗ್ಯಾರೇಜಿನಲ್ಲಿ ಮಾಲೀಕ ಕೊಡುತ್ತಿದ್ದದ್ದು ಜಾಗ, ಲಿಫ್ಟು ಮತ್ತು ಬೈಗುಳ. ಸ್ಪ್ಯಾನರು ಮೆಕ್ಯಾನಿಕನೇ ತರಬೇಕು. ಹಾಗಾಗಿ ಪ್ರತಿ ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ಬಳಿಕ, ಸ್ಪ್ಯಾನರು ಮಾರುವ ಖಲೀಲುರ್ರಹ್ಮಾನನ ಬಿಳಿ ವ್ಯಾನು ಬಂದು ಹಾರ್ನ್ ಹೊಡೆದರೆ, ಎಲ್ಲರೂ ಗ್ರೀಸು ಕೈ ಒರೆಸಿಕೊಳ್ಳುತ್ತ ಓಡುತ್ತಿದ್ದರು. ಮೂಡಬಿದ್ರೆಯ ಕೂಸಪ್ಪ ಹನ್ನೊಂದು ವರ್ಷ ಹೀಗೆ ಓಡಿದವನು. ಒಂದೊಂದೇ ಕೊಂಡು ಅವನು ಕೂಡಿಸಿದ ಪೆಟ್ಟಿಗೆಯಲ್ಲಿ ಎಂಟು ಮಿಲಿಮೀಟರಿನಿಂದ ಮೂವತ್ತೆರಡರವರೆಗೆ ಒಂದು ಸ್ಪ್ಯಾನರೂ ಕಡಿಮೆ ಇರಲಿಲ್ಲ. ಸೆಟ್ಟಿನಲ್ಲಿ ಒಂದು ಕಾಣೆಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಆ ಪೆಟ್ಟಿಗೆ ಊರಿಗೆ ಹೋಗಬೇಕು, ಅದರ ಬಲದಲ್ಲೇ ಅಲ್ಲೊಂದು ಗ್ಯಾರೇಜು ತೆರೆಯಬೇಕು. ಬೇರೆ ಆಸ್ತಿ ಅಂತ ಅವನಿಗೇನೂ ಇರಲಿಲ್ಲ.

ಕೆಟ್ಟದ್ದು ಶುರುವಾದದ್ದು 2016ರಲ್ಲಿ, ಎಣ್ಣೆ ಸ್ಥಾವರದ ಒಳಗಿನ ಲಾರಿಗಳ ರಿಪೇರಿ ಸಿಕ್ಕಾಗ. ಗ್ಯಾರೇಜಿನ ಹೆಸರು ಕೆತ್ತಿರದ ಸಾಮಾನು ಗೇಟು ದಾಟುವಂತಿರಲಿಲ್ಲ. ಉಳಿದವರು ಬೇಕಾದ ನಾಲ್ಕಕ್ಕೆ ಹೆಸರು ಗೀಚಿ ಸುಮ್ಮನಾದರು. ಕೂಸಪ್ಪನಿಗೆ ಅಷ್ಟಕ್ಕೆ ಸಮಾಧಾನವೆಲ್ಲಿ? ಅರ್ಧ ಸೆಟ್ಟಿಗೆ ಗುರುತು ಇದ್ದು, ಅರ್ಧಕ್ಕೆ ಇಲ್ಲ ಅಂದರೆ ಅದೇನು ಚಂದ! ಖಲೀಲನಿಂದಲೇ ಕೆತ್ತುವ ಪೆನ್ನು ಕೇಳಿ ತಂದು, ಎರಡು ಶುಕ್ರವಾರ ಕೂತು, ಒಂದನ್ನೂ ಬಿಡದೆ ಮುತ್ತು ಪೋಣಿಸಿದ ಹಾಗೆ ಬರೆದ. ಪೆದ್ದ!

ಮರುವರ್ಷ ಊರಿಗೆ ಮರಳಲು ಎಕ್ಸಿಟ್ ವೀಸಾ ಹೊಡೆಸಿಕೊಂಡು, ಪೆಟ್ಟಿಗೆಯನ್ನು ಕಾರ್ಗೋಗೆ ಹಾಕಲು ಹೊರಟಾಗ ಗ್ಯಾರೇಜಿನ ಮ್ಯಾನೇಜರು ಮುಚ್ಚಳ ತೆಗೆಸಿದ.

“ಇದರ ಮೇಲಿರುವುದು ನಮ್ಮ ಹೆಸರು,” ಅಂದ ಹಿಂದಿಯಲ್ಲಿ. “ನಿನ್ನದಾದರೆ ಬಿಲ್ಲು ಎಲ್ಲಿ? ಮಾರಿದವನನ್ನು ಕರೆ, ಸಹಿ ಹಾಕಲಿ.”

ಅಂದು ಗುರುವಾರ. ಹೊರಗೆ ವ್ಯಾನಿನ ಹಾರ್ನ್ ಕೇಳುತ್ತಿತ್ತು. ಖಲೀಲನ ವಾಸದ ಪರವಾನಗಿಯಲ್ಲಿ, ಇಕಾಮಾದಲ್ಲಿ, ಇದ್ದದ್ದು ಮನೆ ಡ್ರೈವರ್ ಕೆಲಸ. ವ್ಯಾಪಾರ ಮಾಡಿದೆ ಅಂತ ಸಹಿ ಹಾಕಿದರೆ ಅವನಿಗೆ ಜೈಲು, ಆಮೇಲೆ ಬರಿಗೈಯಲ್ಲಿ ಊರು. ಮ್ಯಾನೇಜರಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದ. ಖಲೀಲನ ಮೂರು ಮಕ್ಕಳನ್ನು ಕೂಸಪ್ಪ ಫೋನಿನಲ್ಲಿ ನೋಡಿದ್ದ, ಮಾತಾಡಿಸಿದ್ದ. ಅವನು ಖಲೀಲನ ಹೆಸರು ಎತ್ತಲಿಲ್ಲ.

“ದಮ್ಮಾಮಿನಲ್ಲಿ ಕೊಂಡದ್ದು. ಆ ಅಂಗಡಿ ಈಗ ಇಲ್ಲ,” ಅಂದ. ಪೆಟ್ಟಿಗೆ ಆಫೀಸಿನ ಒಳಗೆ ಹೋಯಿತು.

ವಿಮಾನಕ್ಕೆ ಇನ್ನೂ ಎಂಟು ದಿನ ಇತ್ತು. ಮುಂದಿನ ಗುರುವಾರ ಹೇಳಿ ಹೋಗೋಣವೆಂದು ಕೂಸಪ್ಪ ವ್ಯಾನಿನ ಬಳಿ ಬಂದ. ಒಳಗಿನ ಹಲಗೆಯ ಮೇಲೆ ಅವನದೇ ಸೆಟ್ಟು ಸಾಲಾಗಿ ಮಲಗಿತ್ತು. ಒಂದರ ಮೇಲೂ ಅಕ್ಷರ ಇರಲಿಲ್ಲ.

“ಮ್ಯಾನೇಜರ್ ಮಾರಿದ, ಕೂಸಪ್ಪಣ್ಣ.” ಖಲೀಲ್ ತಲೆ ಎತ್ತಲಿಲ್ಲ. “ನಾನು ತಕ್ಕೊಳ್ಳದಿದ್ರೆ ಬೇರೆಯವ ತಕ್ಕೊಳ್ತಿದ್ದ. ಎಂತ ಮಾಡುದು ಹೇಳಿ.”

“ಹೆಸರು ಉಜ್ಜಲಿಕ್ಕೆ ಎಷ್ಟು ಹೊತ್ತು ಹಿಡೀತು ಮಾರಾಯ?”

“ಗ್ರೈಂಡರಿಗೆ ಹಿಡಿದ್ರೆ ಒಂದೊಂದಕ್ಕೆ ಅರ್ಧ ನಿಮಿಷ.”

ಅರ್ಧ ನಿಮಿಷ. ಹೆಸರು ಕೆತ್ತಿದ ಮೇಲೆ ಒಂದಿಡೀ ವರ್ಷ ಕೂಸಪ್ಪ ಆ ಗ್ಯಾರೇಜಿನ ಗ್ರೈಂಡರಿನ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ದ.

“ನನ್ನ ಹೆಸರು ನೀವು ಹೇಳ್ಲಿಲ್ಲ ಅಂತ ಗೊತ್ತುಂಟು ನಂಗೆ,” ಅಂದ ಖಲೀಲ್. “ಒಂದು ತಕ್ಕೊಳ್ಳಿ ಅಣ್ಣ, ದುಡ್ಡು ಬೇಡ.”

ಕೂಸಪ್ಪ ಹದಿನೇಳರ ಸ್ಪ್ಯಾನರ್ ಎತ್ತಿಕೊಂಡು ನುಣ್ಣಗಾದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಅದನ್ನು ಹದಿನಾರು, ಹದಿನೆಂಟರ ನಡುವೆ, ಅದರ ಜಾಗದಲ್ಲೇ ಇಟ್ಟ.

“ಬೇಡ ಮಾರಾಯ,” ಅಂದ. “ಸೆಟ್ಟು ಒಡೀಬೇಡ.”