ಚುಕ್ಕಿರಾಯನ ಎಡಗಡೆ

ನನ್ನ ದನಿ ನಾಯಿಗೂ ಕೇಳಿಸದಷ್ಟು ಸಣ್ಣದೇ? ಹೋದ ತಿಂಗಳೆಲ್ಲ ನನ್ನನ್ನು ಕೊರೆದದ್ದು ಇದೊಂದೇ ಚಿಂತೆ. ಮನುಷ್ಯರಿಗೆ ಕೇಳಿಸದಿದ್ದರೆ ಬಿಡಿ, ಅಭ್ಯಾಸವಾಗಿದೆ. ಪದವಿಪತ್ರ ತೆಗೆದುಕೊಳ್ಳುವ ದಿನವೂ ನನ್ನ ಹೆಸರನ್ನು ಗುಮಾಸ್ತರ ಮುಂದೆ ಮತ್ತೆ ಮತ್ತೆ ಹೇಳಬೇಕಾಯಿತು. ಆದರೆ ಚುಕ್ಕಿರಾಯನೂ ಹೀಗೆ ಮಾಡಿದರೆ?

ಚುಕ್ಕಿರಾಯ ನಮ್ಮ ಸೋದರಮಾವನ ಡಾಲ್ಮೇಷನ್ ನಾಯಿ. ಬಿಳಿ ಮೈ, ಅಳೆದು ಇಟ್ಟಂಥ ಕಪ್ಪು ಚುಕ್ಕೆ, ಈ ವರ್ಷದ ನಾಯಿ ಪ್ರದರ್ಶನದ ಚಾಂಪಿಯನ್. ಮಾವನಿಗೆ ಕನ್ನಡಕದ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಮಾವ, ಅತ್ತೆ, ಕೆಲಸ ಹುಡುಕುತ್ತಿರುವ ನಾನು, ಮತ್ತು ಯಾವ ಕೆಲಸವನ್ನೂ ಹುಡುಕಬೇಕಿಲ್ಲದ ಅವನು. ಅವನು ಗೆದ್ದ ಕಪ್‌ಗಳಿಗೆ ಜಾಗ ಬೇಕೆಂದು ಅತ್ತೆಯ ಪಿಂಗಾಣಿ ಬಟ್ಟಲುಗಳು ಗಾಜಿನ ಬೀರುವಿನಿಂದ ಮಂಚದ ಕೆಳಗೆ ಹೋಗಿವೆ. ಇನ್ನೊಂದು ಸಲ ಗೆದ್ದರೆ ತಾನೂ ಅಲ್ಲಿಗೇ ಹೋಗುವುದು ಎನ್ನುತ್ತಾರೆ ಅತ್ತೆ.

ಬೆಳಗ್ಗೆ ಅವನನ್ನು ಓಡಾಡಿಸುವುದು ನನ್ನ ಪಾಲು. ನಾನು ಗೋಡೆಗೆ ಅಂಟಿಕೊಂಡು ನಡೆಯುವವಳು. ಅವನನ್ನು ನನ್ನ ಬಲಕ್ಕೆ, ರಸ್ತೆಯ ಕಡೆಗೆ ಇಟ್ಟುಕೊಂಡರೆ ಎದುರಾದವರು ಅವನನ್ನೇ ಮಾತಾಡಿಸಿ ಹೋಗುತ್ತಾರೆ, ನಾನು ಬಚಾವ್. ಆದರೆ ನಾನು ಕರೆದರೆ ಅವನು ನನ್ನತ್ತ ತಿರುಗುವುದಿಲ್ಲ. ಆ ಕಡೆ ತಿರುಗಿ ಅಂಚೆ ಡಬ್ಬವನ್ನು ಬಲು ಭಕ್ತಿಯಿಂದ ನೋಡುತ್ತಾನೆ. ಮಾವ ನಡೆಸುವಾಗ ಪಿಸುಗುಟ್ಟಿದರೂ ಸಾಕು, ತಲೆ ಎತ್ತುತ್ತಾನೆ.

"ನಿನ್ನ ಮಾತು ನನಗೇ ಕೇಳ್ಸಲ್ಲ, ಪಾಪ ಅವನೇನು ಮಾಡ್ತಾನೆ," ಎಂದು ಮಾವ ನಕ್ಕಿದ್ದರು.

ಒಂದು ದಿನ ಅವರು ತಾಲೀಮು ಮಾಡಿಸುವುದನ್ನು ಕಿಟಕಿಯಿಂದ ನೋಡುತ್ತಿದ್ದಾಗ ಹೊಳೆಯಿತು. ಪ್ರದರ್ಶನದಲ್ಲಿ ನಾಯಿ ತನ್ನನ್ನು ನಡೆಸುವವರ ಎಡಕ್ಕಿರಬೇಕು. ಅಂದರೆ ಮಾವ ಸದಾ ಅವನ ಬಲಗಿವಿಯ ಪಕ್ಕ, ನಾನು ಸದಾ ಎಡಗಿವಿಯ ಪಕ್ಕ. ಆಮೇಲೆ ಅವನು ಮಲಗಿದಾಗಲೆಲ್ಲ ಬಿಸ್ಕತ್ ಡಬ್ಬದ ಮುಚ್ಚಳ ತೆಗೆದು ನೋಡಿದೆ. ಬಲಗಿವಿ ಮೇಲಿದ್ದರೆ ಸಾಹೇಬರು ತಕ್ಷಣ ಹಾಜರ್. ಬಲಗಿವಿ ನೆಲಕ್ಕೆ ಒತ್ತಿದ್ದರೆ ಗೊರಕೆ. ಓದಿಯೂ ನೋಡಿದೆ: ಈ ತಳಿಯಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಒಂದು ಕಿವಿ ಕೇಳಿಸುವುದಿಲ್ಲ. ಅಂಥವನ್ನು ಮರಿಗೆ ಬಿಡಬಾರದು, ಎರಡೂ ಕಿವಿ ಕೇಳಿಸದ ಮರಿಗಳು ಹುಟ್ಟಬಹುದು.

ನನ್ನ ದನಿಯ ಚಿಂತೆ ಹೋಯಿತು. ಅದರ ಜಾಗಕ್ಕೆ ದೊಡ್ಡದು ಬಂತು, ಏಕೆಂದರೆ ಮಾವ ಆಗಲೇ ಅವನಿಗೆ ಹೆಣ್ಣು ಗೊತ್ತುಮಾಡಿ, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮರಿ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು. ಹೇಳಿಬಿಡಬೇಕೆಂದು ಅಂಗಡಿಗೆ ಇಳಿದೆ. ಮಾವ "ಏನೇ?" ಅಂದರು. ಕನ್ನಡಕ ಒರೆಸುವ ಬಟ್ಟೆ ಕೇಳಿ ತೆಗೆದುಕೊಂಡು ಮೇಲೆ ಬಂದೆ. ನಾನು ಕನ್ನಡಕ ಹಾಕುವುದಿಲ್ಲ.

ಇವತ್ತು ಹೆಣ್ಣಿನ ಕಡೆಯವರು ಮೇಲೆ ಮನೆಗೆ ಬಂದರು. ಅಂದರೆ ಪಕ್ಕದ ಬೀದಿಯ ಬೇಕರಿಯಮ್ಮ, ಅವರ ಹೆಣ್ಣುನಾಯಿ. ಚುಕ್ಕಿರಾಯ ಆಕೆಯನ್ನು ಒಮ್ಮೆ ಮೂಸಿ, ದೊಡ್ಡ ಮನುಷ್ಯರ ಹಾಗೆ ಆಕಳಿಸಿ, ಕುರ್ಚಿಯ ಕೆಳಗೆ ಬಲಗಿವಿ ನೆಲಕ್ಕೆ ಒತ್ತಿ ನಿದ್ದೆ ಹೋದ. ಬೇಕರಿಯಮ್ಮ ತಮ್ಮವಳ ಕಿವಿಗಳನ್ನು ಪರೀಕ್ಷೆ ಮಾಡಿಸಿದ್ದರಂತೆ, ಇವನದು ಆಗಿದೆಯಾ ಎಂದು ಕೇಳಿದರು. ಊರಿನವರ ಕಣ್ಣು ಪರೀಕ್ಷಿಸುವ ಮಾವ, ತಾನು ಪಿಸುಗುಟ್ಟಿದರೂ ಅವನಿಗೆ ಕೇಳುತ್ತದೆ, ಪರೀಕ್ಷೆ ಯಾಕೆ ಎಂದರು. ಬೇಕರಿಯಮ್ಮ ನನ್ನ ಕಡೆ ತಿರುಗಿದರು.

"ದಿನಾ ಓಡಾಡಿಸೋದು ನೀನಲ್ವಾ? ನೀನು ಹೇಳಮ್ಮ."

ಮಾತಿನ ಬದಲು ನನ್ನ ಕೈ ಹೋಗಿ ಬಿಸ್ಕತ್ ಡಬ್ಬದ ಮುಚ್ಚಳ ತೆಗೆಯಿತು. ಹೆಣ್ಣುನಾಯಿ ಒಂದೇ ನೆಗೆತಕ್ಕೆ ನನ್ನ ಮುಂದೆ. ಚುಕ್ಕಿರಾಯನ ಮೀಸೆಯೂ ಅಲುಗಲಿಲ್ಲ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಿದ್ದೆ ಗಟ್ಟಿ ಅಂದರು, ಆದರೆ ಅವರ ದನಿ ನನ್ನದರಷ್ಟೇ ಸಣ್ಣಗಿತ್ತು. ಅತ್ತೆ ಬೀರುವಿನ ಕಡೆ ನೋಡಲಿಲ್ಲ, ಮಾವನನ್ನೇ ನೋಡಿದರು.

ನಾನು ಹೇಳಿದೆ. ಯಾರಿಗೂ ಕೇಳಿಸಲಿಲ್ಲ.

"ಏನಂದೆ? ಸ್ವಲ್ಪ ಜೋರಾಗಿ ಹೇಳು," ಎಂದರು ಮಾವ, ದಿನಾ ಹೇಳುವ ಹಾಗೇ.

ಬಟ್ಟೆ ಕೇಳಿ ತಪ್ಪಿಸಿಕೊಳ್ಳಲು ಇಲ್ಲಿ ಅಂಗಡಿ ಇರಲಿಲ್ಲ.

"ಚುಕ್ಕಿರಾಯನಿಗೆ ಎಡಗಿವಿ ಕೇಳ್ಸಲ್ಲ, ಮಾವ. ಅವನನ್ನ ಮರಿಗೆ ಬಿಡೋದು ಬೇಡ."