ತೊಟ್ಟಿಗಿಳಿದವರು

"ಲಂಗ ಎತ್ತು ಮುದ್ಕಿ. ಕಾಲು ಕಾಣ್ಲಿ," ಅಂದ ದೊನ್ ಲಿಸಾಂದ್ರೊ.

ನನ್ನ ಅತ್ತೆ ಗುಮೆರ್ಸಿಂದಾ, ಊರವರ ಬಾಯಲ್ಲಿ ಬರೀ ಗುಮೆ, ನಮ್ಮ ಮೊಯೆ ಮರದ ಬುಡದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಮಗ, ಸೊಸೆಯಾದ ನಾನು, ಅಕ್ಕಪಕ್ಕದ ನಾಲ್ಕು ಮನೆಯವರು ಎಲ್ಲರೂ ನೋಡುತ್ತಿರುವಾಗಲೇ ಲಂಗವನ್ನು ಮೊಣಕಾಲಿನವರೆಗೆ ಎತ್ತಿದಳು. ಪೇಟೆಯಿಂದ ಬಂದಿದ್ದ ಇಂಜಿನಿಯರ್ ರಬ್ಬರ್ ಗ್ಲೌಸ್ ಹಾಕಿಕೊಂಡು ಅವಳ ಕಾಲ್ಬೆರಳುಗಳ ಸಂದಿಗೆ ಹತ್ತಿ ತುರುಕಿ ಉಜ್ಜಿದ. ಹತ್ತಿ ನೇರಳೆ ಬಣ್ಣಕ್ಕೆ ತಿರುಗಿತು. ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ.

"ನೋಡಿ. ತೊಳೆದ್ರೂ ಹೋಗಿಲ್ಲ ಕೊಳೆ."

"ಅದು ಕೊಳೆ ಅಲ್ಲ ಸಾಮಿ, ದ್ರಾಕ್ಷಿ ಬಣ್ಣ. ಸಣ್ಣುಡ್ಗಿ ಆಗಿದ್ದಾಗಿಂದ ತುಳೀತಾ ಇವ್ನಿ. ಮಣ್ಗೋದ್ರೂ ಹೋಗಾಕಿಲ್ಲ ಅದು," ಅಂದಳು ಅತ್ತೆ.

"ಬಣ್ಣಾನೋ ಹುಣ್ಣೋ, ಕುಡಿಯೋರಿಗೆ ಹೇಗಮ್ಮ ಗೊತ್ತಾಗತ್ತೆ? ಬಿರುಕಿಗೊಂದು ರೋಗ ಇರತ್ತೆ ಇದರಲ್ಲಿ. ಈ ಕಾಲಲ್ಲಿ ತುಳಿದ ವೈನನ್ನ ಸೂಕ್ರೆ ಪೇಟೆಯವರು ಬಾಯಿಗೆ ಇಡ್ತಾರಾ?" ಅಂದ ಇಂಜಿನಿಯರ್.

ದೊನ್ ಲಿಸಾಂದ್ರೊ ಹೊಟ್ಟೆ ಕುಲುಕಿಸಿ ನಕ್ಕ. ಆಮೇಲೆ ಇಂಜಿನಿಯರಿಗೆ ತಿಳಿಯಬಾರದು ಅಂತ ನಮ್ಮ ಕೆಚುವಾ ಮಾತಿನಲ್ಲಿ ಅಂದ: "ನಿಮ್ ಕಾಲ್ ಮೂಸುದ್ರೆ ಹೋತಾನೂ ಓಡೋಯ್ತದೆ ಕಣ್ರಲಾ."

ಈ ಮನುಷ್ಯನಿಗೆ ನಮ್ಮ ಮಾತು ನಮ್ಮಷ್ಟೇ ಚೆನ್ನಾಗಿ ಬರುತ್ತದೆ. ಬರದೆ ಏನು? ನಮ್ಮ ಹಿರಿಯರ ಒಡತಿಯಾಗಿದ್ದ ಅವನ ತಾಯಿಗೆ ಹಾಲು ಬತ್ತಿದಾಗ ಮೊಲೆ ಕೊಟ್ಟು ಸಾಕಿದವಳು ನನ್ನ ಅತ್ತೆಯ ತಾಯಿ. ಗುಮೆಯ ಬೆನ್ನ ಮೇಲೆ ಕೂಸುಮರಿಯಾಗಿ ಬೆಳೆದವನು ಅವನು. ದೊಡ್ಡವನಾದ ಮೇಲೆ ಪೇಟೆಯವರ ಎದುರು ಸ್ಪ್ಯಾನಿಷ್ ಬಿಟ್ಟು ಬೇರೆ ಆಡುವುದಿಲ್ಲ. ಬಯ್ಯುವುದಕ್ಕೆ ಮಾತ್ರ ನಮ್ಮ ಮಾತು ಬೇಕು.

ಇಷ್ಟಕ್ಕೂ ಅವರು ಕಾಲು ನೋಡಲು ಬಂದದ್ದು ಯಾಕೆಂದರೆ, ಆ ವರ್ಷ ಸಿಂತಿ ಕಣಿವೆಯ ನಾಲ್ಕು ಪೇಟೆಗಳು ಸೇರಿ ಒಕ್ಕೂಟ ಮಾಡಿಕೊಂಡಿದ್ದವು. ಒಬ್ಬೊಬ್ಬರೇ ಮಾರಲು ಹೋದರೆ ಹೊರಗೆ ಯಾರೂ ಕ್ಯಾರೇ ಅನ್ನುವುದಿಲ್ಲ. ಕಣಿವೆಯ ವೈನು, ಮೇಕೆ ಹಾಲಿನ ಚೀಸು, ಒಣಗಿಸಿದ ಪೀಚು ಎಲ್ಲಕ್ಕೂ ಒಂದೇ ಹೆಸರು, ಒಂದೇ ಲೇಬಲ್ಲು, ದೊಡ್ಡ ಪೇಟೆಗಳಲ್ಲಿ ಒಂದೇ ಅಂಗಡಿ ಅಂದಿದ್ದರು. ಲೇಬಲ್ಲಿನ ಮೇಲೆ ವೈನು ಮಾಡಿದವರ ಹೆಸರೂ ಇರುತ್ತದೆ ಅಂದಿದ್ದರು. ಆ ಮಾತಿಗೆ ನಾವು ಮರುಳಾದೆವು. ತಲೆತಲಾಂತರದಿಂದ ವೈನು ಮಾಡುತ್ತಿದ್ದೇವೆ, ಒಂದೇ ಒಂದು ಬಾಟಲಿಯ ಮೇಲೆ ನಮ್ಮ ಹೆಸರಿಲ್ಲ. ಆ ಆಸೆಗೆ ಐದೂ ಮನೆಯವರು ಒಕ್ಕೂಟದ ಕಟ್ಟಡಕ್ಕೆ ಇಟ್ಟಿಗೆ ಕುಯ್ದು ಕೊಟ್ಟೆವು, ಗೋಡೆ ಎಬ್ಬಿಸಿ ಕೊಟ್ಟೆವು, ಕೂಲಿ ಅಂತ ಬಾಯಿ ಬಿಡಲಿಲ್ಲ. ಕಟ್ಟಡ ಎದ್ದು ನಿಂತ ಮೇಲೆ ನೋಡಿದರೆ ಅಧ್ಯಕ್ಷರ ಕುರ್ಚಿಯಲ್ಲಿ ದೊನ್ ಲಿಸಾಂದ್ರೊ ಕೂತಿದ್ದ.

"ಕಾಲಲ್ಲಿ ತುಳಿದ ವೈನಿಗೆ ಲೇಬಲ್ ಕೊಡೋಕಾಗಲ್ಲ," ಅಂತ ಇಂಜಿನಿಯರ್ ಹತ್ತಿಯನ್ನು ಬಿಸಾಡಿದ. "ಯಂತ್ರದಲ್ಲಿ ಹಿಂಡಿದ್ದಕ್ಕೆ ಮಾತ್ರ."

ಇಡೀ ಕಣಿವೆಗೆ ಯಂತ್ರ ಇರುವುದು ಒಂದೇ. ಅದು ದೊನ್ ಲಿಸಾಂದ್ರೊನ ಕಾರ್ಖಾನೆಯಲ್ಲಿ.

"ಅದಕ್ಯಾಕೆ ಮುಖ ಸಪ್ಪಗೆ ಮಾಡ್ತೀರಿ? ಹಣ್ಣು ನಂಗೆ ಹಾಕಿ. ನಾನು ಹಿಂಡಿ ಬಾಟ್ಲಿಗೆ ತುಂಬ್ತೀನಿ. ಕೂಡಿ ಮಾಡೋದು ಅಂದ್ರೆ ಅದೇ ತಾನೇ?" ಅಂದ ಅವನು.

"ಬಾಟ್ಲಿ ಮ್ಯಾಲೆ ಯಾರ್ ಹೆಸ್ರು?" ಕೇಳಿದ ನನ್ನ ಗಂಡ ನಿಕನೋರ್.

"ಕಣಿವೆ ಹೆಸರು ಕಣಯ್ಯ. ಯಾಕೆ, ಕಣಿವೆ ನಿಂದಲ್ವಾ?"

"ಕಣ್ವೆ ನಂದಾದ್ರೆ ನಿಮ್ ಯಂತ್ರಾನೂ ನಂದಾ?"

"ನಾಲಿಗೆ ಉದ್ದ ಆಯ್ತು ನಿಂದು. ನಿಮ್ಮಪ್ಪ ನಮ್ಮಪ್ಪನ ಕುದುರೆ ಲದ್ದಿ ಬಾಚ್ತಿದ್ದಾಗ ಇಷ್ಟು ಉದ್ದ ಇರಲಿಲ್ಲ."

ನಿಕನೋರನ ಕೈ ಮುಷ್ಟಿಯಾದದ್ದನ್ನು ನೋಡಿ ನಾನು ಅವನ ತೋಳು ಹಿಡಿದುಕೊಂಡೆ. ಅವರ ಜೀಪು ಧೂಳೆಬ್ಬಿಸಿಕೊಂಡು ಹೊಳೆಯ ಕಡೆಗೆ ಇಳಿದು ಹೋಯಿತು. ಅತ್ತೆ ಲಂಗ ಇಳಿಸಿಕೊಳ್ಳುವುದನ್ನೂ ಮರೆತು ಕೂತಿದ್ದಳು.

ದೊನ್ ಲಿಸಾಂದ್ರೊ ನಮ್ಮ ಮೇಲಿನ ಅಕ್ಕರೆಗೆ ನಾವಿರುವ ಮೇಲುಗೇರಿಯವರೆಗೆ ಜೀಪು ಹತ್ತಿಸಿಕೊಂಡು ಬಂದಿರಲಿಲ್ಲ. ಹಣ್ಣು ಬಣ್ಣ ಕಟ್ಟುವ ಹೊತ್ತಿಗೆ ಬಿದ್ದ ಆಲಿಕಲ್ಲು ಹೊಳೆದಂಡೆಯ ಅವನ ತೋಟವನ್ನು ನೆಲ ಕಚ್ಚಿಸಿತ್ತು. ಅವನದು ತಂತಿಗೆ ಹಬ್ಬಿಸಿದ ಬಳ್ಳಿ. ಬಯಲಿನಲ್ಲಿ ಬೆತ್ತಲೆ ನಿಂತಿರುತ್ತದೆ. ನಮ್ಮದು ಹಳೇ ಕಾಲದವರು ಮೊಯೆ ಮರಕ್ಕೆ ಹತ್ತಿಸಿದ್ದು. ಏಟೆಲ್ಲ ಮರ ತಿಂದಿತು, ಒಳಗೆ ಗೊನೆಗಳು ತಣ್ಣಗೆ ಉಳಿದವು. ಏಣಿ ಹಾಕಿ ಕೀಳುವ ನಮ್ಮನ್ನು ನೋಡಿ ಮಂಗಗಳು ಅಂತ ಹೀಯಾಳಿಸುತ್ತಿದ್ದವನಿಗೆ ಈಗ ಮಂಗಗಳ ಹಣ್ಣು ಬೇಕಾಗಿತ್ತು. ಗಡಿಯಾಚೆಯ ಸಾಲ್ತಾ ಪೇಟೆಯ ವ್ಯಾಪಾರಿಗಳಿಗೆ ಹೊಸ ಲೇಬಲ್ಲಿನ ವೈನು ಕೊಡುತ್ತೇನೆ ಅಂತ ಆಗಲೇ ಮಾತು ಕೊಟ್ಟು ಕೂತಿದ್ದ.

"ಆ ಸೂಳೆಮಗನ್ ಯಂತ್ರಕ್ಕೆ ನನ್ ಹಣ್ಣಾಕಾಕಿಲ್ಲ. ಮೇಕೆಗಾದ್ರೂ ತಿನ್ನುಸ್ತೀನಿ," ಅಂತ ನಿಕನೋರ್ ಕೂಗಾಡಿದ.

"ತಿನ್ಸು. ಆಮ್ಯಾಕೆ ಮಕ್ಳಿಗೆ ಏನ್ ತಿನ್ನುಸ್ತೀಯ?" ಅಂದೆ ನಾನು. ನನಗೂ ಹೊಟ್ಟೆ ಉರಿಯುತ್ತಿತ್ತು. ಆದರೆ ಅವನನ್ನು ಬಿಟ್ಟರೆ ಕಣಿವೆಯಲ್ಲಿ ಹಣ್ಣು ಕೊಳ್ಳುವವರು ಇನ್ನೊಬ್ಬರಿಲ್ಲ ಅನ್ನುವುದೂ ಗೊತ್ತಿತ್ತು. ನಾವೇ ವೈನು ಮಾಡಿಟ್ಟುಕೊಂಡರೆ ಲೇಬಲ್ಲಿಲ್ಲದ ವೈನನ್ನು ರಸ್ತೆ ಬದಿಯಲ್ಲಿ ಹಳೇ ಸೋಡಾ ಬಾಟಲಿಗೆ ತುಂಬಿ ಲಾರಿಯವರಿಗೆ ಮಾರಬೇಕು. ನೆರೆಯವರು ಇಬ್ಬರ ಮುಖವನ್ನೂ ನೋಡಿ, ಕೋಕಾ ಎಲೆ ಅಗಿಯುತ್ತ ಎದ್ದು ಹೋದರು.

ವಾರ ಕಳೆಯುವುದರೊಳಗೆ ಇಂಜಿನಿಯರ್ ಮತ್ತೆ ಬಂದ. ಈ ಸಲ ಒಬ್ಬನೇ. ಕಂಕುಳಲ್ಲಿ ಸುರುಳಿ ಸುತ್ತಿದ ಪೋಸ್ಟರ್ ಇತ್ತು, ಬಾಯಿ ತುಂಬ ಅಜ್ಜಿ ಅಜ್ಜಿ ಅನ್ನುವ ಮಾತಿತ್ತು. ಪೋಸ್ಟರ್ ಬಿಡಿಸಿ ತೋರಿಸಿದ. ಅದರ ತುಂಬ ದ್ರಾಕ್ಷಿ, ದ್ರಾಕ್ಷಿಯ ನಡುವೆ ಹಾಲಿನಂಥ ಬಿಳಿಯ ಎರಡು ಕಾಲು, ಉಗುರಿಗೆ ಕೆಂಪು ಬಣ್ಣ.

"ಒಕ್ಕೂಟದ ಉದ್ಘಾಟನೆಗೆ ಹೊರಗಿನವರು ತುಂಬ ಜನ ಬರ್ತಿದ್ದಾರೆ. ಅವರಿಗೆ ತುಳಿಯೋದನ್ನ ತೋರಿಸ್ಬೇಕು. ಹಳೇ ಪದ್ಧತಿ ಅಂದ್ರೆ ಪ್ರಾಣ ಬಿಡ್ತಾರೆ ಅವರು. ಈ ಪೋಸ್ಟರ್ ಹುಡುಗೀನೇ ತೊಟ್ಟಿಗೆ ಇಳಿಸಿ ನೋಡಿದ್ವಿ, ಜಾರಿ ಬಿದ್ದು ಸೊಂಟ ಮುರ್ಕೊಂಡ್ಲು. ಅಜ್ಜಿ ಬಂದು ಒಂದರ್ಧ ಗಂಟೆ..."

"ಯಾವ್ ಕಾಲ್ ಸಾಮಿ?" ಅಂದೆ ನಾನು. "ಬಿರುಕ್ಗೊಂದ್ ರೋಗ ಅಂದ್ರಲ್ಲ, ಆ ಕಾಲಾ?"

ಅವನಿಗೆ ನಾಚಿಕೆಯೂ ಆಗಲಿಲ್ಲ. ಮಗುವಿಗೆ ತಿಳಿಹೇಳುವ ದನಿಯಲ್ಲಿ, "ಇದು ಕುಡಿಯೋಕಲ್ಲಮ್ಮ, ನೋಡೋಕೆ," ಅಂದ. "ಊಟ ಕೊಡ್ತೀವಿ. ಹಳೇ ಕಾಲದ ಲಂಗ ಇದ್ರೆ ಉಟ್ಕೊಂಡು ಬರ್ಲಿ. ಸ್ವಲ್ಪ ಹರಿದಿದ್ರೂ ಪರವಾಗಿಲ್ಲ, ಚೆನ್ನಾಗಿ ಕಾಣತ್ತೆ."

ನಾನು ಪೊರಕೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ, "ಬತ್ತೀನಿ," ಅಂದಳು.

ಅವನು ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. "ಮಾನ ಮರ್ವಾದೆ ಐತಾ ನಿಂಗೆ? ಎಲ್ರ ಎದ್ರಿಗೆ ಲಂಗ ಎತ್ತುಸ್ದೋರ್ ಮನೆ ಬಾಗ್ಲಿಗೆ ಕುಣಿಯಾಕ್ ಹೋಯ್ತೀಯಾ? ಅನ್ನ ಕಾಣ್ದೋಳಾ ನೀನು?"

"ಬಾಯ್ಮುಚ್ಚೆ ಲೌಡಿ," ಅಂದಳು ಅತ್ತೆ. "ನನ್ ಲಂಗ ಎತ್ಸಿದ್ದು ಯಾರ್ ನೋಡುದ್ರು? ಈ ಮರ ನೋಡ್ತು, ನೀವ್ ನೋಡುದ್ರಿ. ಅಲ್ಲಿ ಊರ್ಗೂರೇ ಸೇರ್ತದೆ. ಅವ್ನ್ ಹಣ್ಣು, ಅವ್ನ್ ತೊಟ್ಟಿ. ಮೊದ್ಲ ಬಟ್ಲು ಅವ್ನೇ ಕುಡೀಬೇಕು. ಕುಡೀತಾನಾ ಇಲ್ವಾ ನೋಡೇಬುಡನ. ನೀವೆಲ್ಲ ಬನ್ನಿ. ಐದ್ ಮನೇವ್ರೂ ಬನ್ನಿ."

ಮೊದಲ ಬಟ್ಟಲು ಅಂದರೆ ನಮ್ಮಲ್ಲಿ ಹುಡುಗಾಟವಲ್ಲ. ತುಳಿದಾಗ ಬರುವ ಮೊದಲ ರಸವನ್ನು ತುಳಿದವರು ಬಟ್ಟಲಿಗೆ ಬಗ್ಗಿಸಿ ಹಣ್ಣಿನ ಒಡೆಯನಿಗೆ ಕೊಡುತ್ತಾರೆ. ಅವನು ಭೂಮಿತಾಯಿಗೆ ನಾಲ್ಕು ಹನಿ ಚೆಲ್ಲಿ, ಉಳಿದದ್ದನ್ನು ಒಂದೇ ಉಸಿರಿಗೆ ಕುಡಿಯಬೇಕು. ಕುಡಿದರೆ ಆ ವರ್ಷ ಅವನೂ ನಾವೂ ಒಂದು. ಕುಡಿಯದೆ ಹಿಂದಕ್ಕೆ ಕೊಟ್ಟರೆ ನಂಟು ಹರಿದ ಹಾಗೆ. ಆಮೇಲೆ ಅವನ ಹಣ್ಣನ್ನು ಯಾರೂ ಮುಟ್ಟುವುದಿಲ್ಲ, ತಮ್ಮ ಹಣ್ಣನ್ನು ಅವನಿಗೆ ಕೊಡುವುದೂ ಇಲ್ಲ. ಇದು ಕಣಿವೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ದೊನ್ ಲಿಸಾಂದ್ರೊನಿಗೂ ಗೊತ್ತು.

ಉದ್ಘಾಟನೆಯ ದಿನ ಪೇಟೆಯ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾವು ಕಟ್ಟಿದ ಗೋಡೆಗೆ ಸುಣ್ಣ ಹೊಡೆದು, ಮೇಲೆ ಕಾಗದದ ಹೂವು ಕಟ್ಟಿದ್ದರು. ನಾವು ಒಳಗೆ ಹೋಗುವ ಹಾಗಿರಲಿಲ್ಲ. ಕುರ್ಚಿ ಹೊರುವುದಕ್ಕೆ ಮಾತ್ರ ಗಂಡಸರನ್ನು ಕರೆದರು. ಚೌಕದ ನಡುವೆ ಕಲ್ಲಿನ ತೊಟ್ಟಿ. ಅದರಲ್ಲಿ ಅವನ ತೋಟದ ಆಲಿಕಲ್ಲು ತಿಂದ ಹಣ್ಣು. ಹುಳಿ ವಾಸನೆ ಆಗಲೇ ಮೂಗಿಗೆ ಹೊಡೆಯುತ್ತಿತ್ತು, ನೊಣ ಮುತ್ತುತ್ತಿದ್ದವು. ಎದುರಿನ ಸಾಲಿನಲ್ಲಿ ಅಧ್ಯಕ್ಷ, ಪಕ್ಕದಲ್ಲಿ ಇಂಜಿನಿಯರ್, ನಾಲ್ಕು ಪೇಟೆಗಳ ಮೇಯರುಗಳು, ಸಾಲ್ತಾದ ವ್ಯಾಪಾರಿಗಳು. ಅವರ ಕೈಯಲ್ಲಿ ಹೊಸ ಲೇಬಲ್ಲಿನ ಬಾಟಲಿಗಳಿದ್ದವು.

ಒಬ್ಬ ಹುಡುಗಿ ಆಸ್ಪತ್ರೆ ವಾಸನೆಯ ನೀರಿನಲ್ಲಿ ಅತ್ತೆಯ ಕಾಲು ತೊಳೆದಳು. ಕ್ಯಾಮೆರಾಗಳು ಮುಂದೆ ಬಂದವು. ಅತ್ತೆ ತೊಟ್ಟಿಗಿಳಿದಳು.

"ಬಂಧುಗಳೇ," ಅಂದ ದೊನ್ ಲಿಸಾಂದ್ರೊ ಮೈಕಿನಲ್ಲಿ, ಎದೆಯ ಮೇಲೆ ಕೈಯಿಟ್ಟುಕೊಂಡು. "ಈ ತಾಯಿಯ ಪಾದಗಳನ್ನ ನೋಡಿ. ನಮ್ಮ ಒಂದೊಂದು ಬಾಟಲಿಯಲ್ಲೂ ಇಂಥ ಪಾದಗಳ ಆಶೀರ್ವಾದ ಇದೆ."

ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಕುರ್ಚಿ ಹೊತ್ತು ನಿಂತಿದ್ದ ನಿಕನೋರ್ ಕ್ಯಾಕರಿಸಿ ಉಗಿದ.

ಅತ್ತೆ ತುಳಿದಳು. ಅವಸರವಿಲ್ಲದೆ, ಹಿಮ್ಮಡಿ ಊರಿ, ಬದಿಯಿಂದ ನಡುವಿಗೆ. ರಸ ತೊಟ್ಟಿಯ ಅಂಚಿನ ಕಾಲುವೆಗೆ ಇಳಿಯಿತು. ಬಗ್ಗಿ ಸೋರೆ ಬುರುಡೆಯ ಬಟ್ಟಲು ತುಂಬಿ, ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ತಗಳಪ್ಪ ಲಿಸಾಂದ್ರೊ. ಮೊದ್ಲುಂದು. ನಿಂದು."

ಚೌಕದಲ್ಲಿದ್ದ ನಮ್ಮವರೆಲ್ಲ ಮುಂದೆ ಒತ್ತಿ ಬಂದರು. ಅವನು ಬಟ್ಟಲು ತೆಗೆದುಕೊಂಡ. ನಗುತ್ತಲೇ ಒಳಗೆ ನೋಡಿದ. ಸಿಪ್ಪೆ, ಬೀಜ, ನೊಣ, ನನ್ನ ಅತ್ತೆಯ ಕಾಲಿನ ರಸ. ಆಮೇಲೆ ತಿರುಗಿ, ದೊಡ್ಡ ಮರ್ಯಾದೆ ಮಾಡುವವನ ಹಾಗೆ ತಲೆ ಬಾಗಿಸಿ, ಬಟ್ಟಲನ್ನು ಇಂಜಿನಿಯರಿಗೆ ಕೊಟ್ಟ. ಇಂಜಿನಿಯರ್ ಅದಕ್ಕಿಂತ ದೊಡ್ಡ ಮರ್ಯಾದೆ ಮಾಡಿ ಮೊದಲ ಮೇಯರಿಗೆ ಕೊಟ್ಟ. ಅವನು ಪಕ್ಕದವನಿಗೆ. ಹೀಗೆ ನಮ್ಮ ಬಟ್ಟಲು ಆ ಸಾಲಿನುದ್ದಕ್ಕೂ ಕೈಯಿಂದ ಕೈಗೆ ನಡೆಯಿತು. ಎಲ್ಲರೂ ನಕ್ಕರು, ಎಲ್ಲರೂ ಫೋಟೋ ತೆಗೆಸಿಕೊಂಡರು, ಒಬ್ಬನೂ ತುಟಿಗೆ ಸೋಕಿಸಲಿಲ್ಲ. ಕೊನೆಯವನು ಅದನ್ನು ತಂದು ಅತ್ತೆಯ ಕೈಗೇ ವಾಪಸ್ಸು ಇಟ್ಟ.

ಅತ್ತೆ ಬಟ್ಟಲನ್ನು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿದಳು. ನಮ್ಮ ಮಾತಿನಲ್ಲಿ, ಚೌಕದ ಆ ತುದಿಗೂ ಕೇಳುವ ಹಾಗೆ ಕೂಗಿದಳು: "ಕುಡೀಲಿಲ್ಲ! ನೋಡುದ್ರೇನ್ರಪ್ಪಾ, ಕುಡೀಲಿಲ್ಲ! ಲೇ ಲಿಸಾಂದ್ರೊ, ನಮ್ಮವ್ವನ್ ಮೊಲೆ ಚೀಪ್ದಾಗ ಹೇಸ್ಗೆ ಆಗ್ಲಿಲ್ಲ, ನನ್ ಕಾಲ್ ಕಂಡ್ರೆ ಹೇಸ್ಗೆ ಆಯ್ತದಾ ನಿಂಗೆ? ಹರ್ದೋಯ್ತು ಕಣೋ ನಂಟು. ಈ ಐದ್ ಮನೆಯಿಂದ ಒಂದ್ ಗೊನೆ ಬರಾಕಿಲ್ಲ ನಿಂಗೆ. ನೀ ಮಾತ್ ಕೊಟ್ಟಿರೋರ್ಗೆ ನಿನ್ ಉಚ್ಚೆ ತುಂಬ್ಸಿ ಕೊಡು!"

ಇಂಜಿನಿಯರಿಗೆ ಕೆಚುವಾ ಬಾರದು. ಅವನು ಲಗುಬಗೆಯಿಂದ ಮೈಕು ಹಿಡಿದು, "ಅಜ್ಜಿ ನಮ್ಮನ್ನೆಲ್ಲ ಹರಸ್ತಾ ಇದ್ದಾರೆ!" ಅಂದ. ಸಾಲ್ತಾದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಿಕನೋರ್ ಹೊತ್ತಿದ್ದ ಕುರ್ಚಿಯನ್ನು ನೆಲಕ್ಕೆ ಕುಕ್ಕಿ, ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ತೊಟ್ಟಿಗೆ ಹಾರಿದ. ನಾನೂ ಹಾರಿದೆ. ನಮ್ಮ ಹಿಂದೆಯೇ ಐದು ಮನೆಯವರು, ಗಂಡಸರು ಹೆಂಗಸರು, ಹೊಲದ ಕೆಸರು ತೊಳೆಯದ ಕಾಲಲ್ಲಿ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಇಳಿದರು. ತುಳಿದೆವು. ತುಳಿಯುತ್ತ ನಮ್ಮ ಮಾತಿನಲ್ಲೇ ಬೈದೆವು. ಲೇ ಬೋಳಿಮಗನೇ, ನಮ್ಮ್ ಇಟ್ಗೆ ಮ್ಯಾಲೆ ಕುಂತ್ಕಂಡು ಮೆರಿತೀಯಾ. ಲೇ ಹಾದರಕ್ ಹುಟ್ಟಿದ್ದೇ, ನಿನ್ ಯಂತ್ರಕ್ಕೆ ನಿನ್ ಕೈಯೇ ಸಿಕ್ಕಳ್ಳಿ. ನಿನ್ ಲೇಬಲ್ ಸುತ್ಕಂಡ್ ಸಾಯಿ. ನನ್ನ ಬಾಯಿಂದ ಅಂಥ ಮಾತು ಬರುತ್ತವೆ ಅಂತ ನನಗೇ ಗೊತ್ತಿರಲಿಲ್ಲ. ಎಷ್ಟು ವರ್ಷದ್ದು ಒಳಗೆ ಕೂತಿತ್ತೋ, ಬಯ್ದಷ್ಟೂ ಎದೆ ಹಗುರವಾಗುತ್ತಿತ್ತು.

ಎದುರಿನ ಸಾಲಿನ ಹೊರಗಿನವರಿಗೆ ಖುಷಿಯೋ ಖುಷಿ. ನಮ್ಮ ಹೆಜ್ಜೆಗೆ ಸರಿಯಾಗಿ ತಾಳ ಹಾಕಲು ಶುರು ಮಾಡಿದರು. ಸಾಲ್ತಾದ ವ್ಯಾಪಾರಿಯೊಬ್ಬ ದೊನ್ ಲಿಸಾಂದ್ರೊನ ಭುಜ ತಟ್ಟಿ, "ಎಷ್ಟು ಚೆನ್ನಾಗಿದೆ! ಏನು ಹಾಡ್ತಿದ್ದಾರೆ ಇವರು?" ಅಂತ ಕೇಳಿದ.

"ಸುಗ್ಗಿ ಹಾಡು," ಅಂದ ದೊನ್ ಲಿಸಾಂದ್ರೊ.

ಅವನ ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದವರೆಲ್ಲ ತಟ್ಟುತ್ತಿದ್ದುದರಿಂದ ಅವನೂ ಚಪ್ಪಾಳೆ ತಟ್ಟುತ್ತಲೇ ಇದ್ದ. ನಡುವೆ ಕತ್ತು ತಿರುಗಿಸಿ, ಚೌಕದ ಮೂಲೆಯಲ್ಲಿದ್ದ ಪೊಲೀಸರಿಗೆ ಕಣ್ಣಲ್ಲೇ ಏನೋ ಹೇಳಿದ. ನಾಲ್ವರು ಲಾಠಿ ಹಿಡಿದು ತೊಟ್ಟಿಯ ಸುತ್ತ ಬಂದು ನಿಂತರು. ಅತಿಥಿಗಳು ಊಟಕ್ಕೆ ಒಳಗೆ ಹೋಗುವವರೆಗೆ ಅವರು ನಮ್ಮನ್ನು ಮುಟ್ಟುವ ಹಾಗಿರಲಿಲ್ಲ.

ಒಳಗಿನಿಂದ ಮಾಂಸ ಸುಡುವ ವಾಸನೆ ಬರುತ್ತಿತ್ತು. ಅತ್ತೆ ನನ್ನ ಸೊಂಟದ ಸುತ್ತ ಕೈ ಬಿಗಿ ಮಾಡಿ, "ಇನ್ನೂ ಗಟ್ಯಾಗ್ ಬಯ್ಯೇ," ಅಂದಳು.